ಜಾಣ ಕಿವುಡು

ಒಂದು ಕಾಲ್ಚೀಲ ಮೊಣಕಾಲವರೆಗೆ ನೆಟ್ಟಗಿದೆ, ಇನ್ನೊಂದು ಹಿಮ್ಮಡಿಗೆ ಜಾರಿ ಮುದುಡಿ ಕೂತಿದೆ, ಗಾಜಿನಾಚೆ ಆ ಎರಡು ಪುಟ್ಟ ಕಾಲುಗಳು ನೆಲ ಮುಟ್ಟದೆ ತೂಗಾಡುತ್ತಿವೆ, ಹೆಡ್‌ಫೋನಿನಲ್ಲಿ ಪೀಂ ಎಂದಾಗಲೆಲ್ಲ ತೂಗಾಟ ನಿಲ್ಲುತ್ತದೆ, ಕೈ ಮೇಲೇಳುತ್ತದೆ — ಇಗೋ ಎತ್ತಿದಳು, ಸದ್ದು ಇಳಿಸಿದರೂ ಎತ್ತಿದಳು, ಇನ್ನೂ ಇಳಿಸಿದರೂ ಎತ್ತಿದಳು, ಸೂಜಿ ಬಿದ್ದರೂ ಕೇಳುವ ಕಿವಿ ಇದು, ಬಲಗಿವಿ ಸರಿ, ಎಡಗಿವಿ ಸರಿ, ಕಾಗದದ ಮೇಲ್ಭಾಗದಲ್ಲಿ ಗೆರೆ ಅಳುಕಿಲ್ಲದೆ ಸಾಗುತ್ತಿದೆ, ನೋಡಿ ಸಮಾಧಾನವಾಗಬೇಕಿತ್ತು, ಆಗುತ್ತಿಲ್ಲ, ಯಾಕೆಂದರೆ ಇದೇ ಗೆರೆಯನ್ನು ಇದೇ ಮಗುವಿಗೆ ಎರಡು ವರ್ಷದ ಹಿಂದೆ ಎಳೆದವಳು ಗಾಜಿನ ಈಚೆ ಕೂತಿರುವ ಅವಳೇ, ಎರಡೂ ಕಿವಿಗಳ ಶ್ರವಣಶಕ್ತಿ ಸಾಮಾನ್ಯ ಎಂದು ಬರೆದವಳೂ ಅವಳೇ, ಕೆಳಗೆ ಸಹಿ, ಸೀಲು, ಮುಂದಿನವರು ಬನ್ನಿ. ಆ ಹಾಳೆ ಈಗ ಮೇಜಿನ ಮೇಲಿದೆ, ಮಗುವಿನ ತಾಯಿ ಅದನ್ನು ಪ್ಲಾಸ್ಟಿಕ್ ಹಾಕಿಸಿಟ್ಟುಕೊಂಡಿದ್ದಾಳೆ, ಆಸ್ತಿ ಪತ್ರದ ಹಾಗೆ, ಮೂಲೆ ಕೂಡ ಮಡಿಸಿಲ್ಲ. ಹತ್ತೊಂಬತ್ತು ವರ್ಷದಿಂದ ಈ ಗಾಜಿನ ಮುಂದೆ ಕೂತವಳು ಅವಳು, ಕಿವಿಯ ಪರೀಕ್ಷೆಯೇ ಅನ್ನ, ಕೇಳಿಸದವರನ್ನು ಕಂಡಿದ್ದಾಳೆ, ಕೇಳಿಸಿಯೂ ಕೇಳಿಸುವುದಿಲ್ಲ ಎಂದು ನಟಿಸುವವರನ್ನು ಕಂಡಿದ್ದಾಳೆ, ಅವರ ಆಟ ಮೂರು ನಿಮಿಷಕ್ಕಿಂತ ಹೆಚ್ಚು ನಡೆಯದು, ಬೆಣ್ಣೆಗೂ ಸುಣ್ಣಕ್ಕೂ ವ್ಯತ್ಯಾಸ ತಿಳಿಯದವಳಲ್ಲ ತಾನು, ಈ ಮಗು ನಟಿಸುತ್ತಿಲ್ಲ, ಅದಂತೂ ಖಂಡಿತ.

ಮನೆಯಲ್ಲಿ ಚುಕ್ಕಿ ಅಂತ ಕರೀತೀವಿ ಮೇಡಂ, ಶಾಲೇಲಿ ಬೇರೆ ಹೆಸರು ಇಟ್ಟಿದ್ದಾರೆ, ಎಂದಿದ್ದಳು ತಾಯಿ ಬೆಳಗ್ಗೆ, ಕುರ್ಚಿಯ ತುದಿಯಲ್ಲಿ ಕೂತು, ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸು, ಕೈಯ ಚರ್ಮ ಸೋಪಿನ ನೀರಿಗೆ ಬೆಳ್ಳಗೆ ಸುಕ್ಕುಗಟ್ಟಿದೆ, ಏನು ಹೆಸರು ಎಂದು ಕೇಳಿದರೆ ತಲೆ ತಗ್ಗಿಸಿ, ಜಾಣ ಕಿವುಡಿ, ಎಂದಳು, ಕ್ಲಾಸ್ ಟೀಚರ್ ಇಟ್ಟಿದ್ದು, ಈಗ ಮಕ್ಕಳೆಲ್ಲ ಹಾಗೇ ಕರೀತಾರೆ, ದೊಡ್ಡ ಟೀಚರ್ ನನ್ನ ಕರೆಸಿ ಈ ಪೇಪರ್ ಮುಂದಿಟ್ಟರು ಮೇಡಂ, ನೋಡಮ್ಮ, ಆಸ್ಪತ್ರೆಯವರೇ ಬರೆದುಕೊಟ್ಟಿದ್ದಾರೆ ಕಿವಿ ಸರಿ ಇದೆ ಅಂತ, ಕಿವಿ ಸರಿ ಇದ್ದ ಮೇಲೆ ಇದು ಹಟ ಅಲ್ಲದೆ ಇನ್ನೇನು, ಅಂದರು, ಕೊನೇ ಬೆಂಚಿಗೆ ಹಾಕಿದ್ದಾರೆ, ಈ ಶನಿವಾರ ಮೀಟಿಂಗು, ಒಂದು ಕ್ಲಾಸು ಕೆಳಗಿಳಿಸ್ತಾರಂತೆ. ಈ ಪೇಪರ್ — ಎಂದಾಗ ತಾಯಿಯ ಬೆರಳು ತೋರಿಸಿದ್ದು ಅವಳ ಸಹಿಯನ್ನು. ಜಾಣ ಕಿವುಡು ಅಂದರೆ ಏನೆಂದು ಆ ಟೀಚರಿಗೆ ಗೊತ್ತೇ, ಬೇಕಿದ್ದರೆ ಬರಲಿ ನನ್ನ ಮನೆಗೆ, ಅತ್ತೆಯನ್ನು ತೋರಿಸುತ್ತೇನೆ, ಎಂದುಕೊಂಡಳು ಅವಳು, ಎಂಬತ್ತರ ಹತ್ತಿರದ ಅತ್ತೆ, ತಾನೇ ಅಳತೆ ತೆಗೆದು ಹಾಕಿಕೊಟ್ಟ ಮೆಷಿನ್ನು ಕಿವಿಯಲ್ಲಿ, ಸೊಸೆ ಬಾಯಿ ತೆರೆದರೆ ಸಾಕು, ಕೂದಲು ಸರಿ ಮಾಡುವ ನೆಪದಲ್ಲಿ ಬೆರಳು ಗುಂಡಿಯ ಮೇಲೆ ಹೋಗುತ್ತದೆ, ಆಫ್, ಅತ್ತೆ, ಬಿ.ಪಿ. ಮಾತ್ರೆ ತಗೊಂಡ್ರಾ — ಏನು, ಯಾತ್ರೆನಾ, ನಾನೆಲ್ಲಿಗೂ ಬರಲ್ಲಮ್ಮ — ಅದೇ ಒಳಕೋಣೆಯಲ್ಲಿ ಗಂಡನ ಹತ್ತಿರ ನಿಮ್ಮಮ್ಮ ಈಚೆಗೆ ತುಂಬ ಹಟ ಮಾಡ್ತಾರೆ ಎಂದು ಪಿಸುಗುಟ್ಟಿದರೆ ಹಜಾರದಿಂದ ಉತ್ತರ ಬರುತ್ತದೆ, ನಾನೇನೇ ಹಟ ಮಾಡಿದ್ದು! ಅದು ಜಾಣ ಕಿವುಡು. ಅದರಲ್ಲಿ ಒಂದು ಮಜಾ ಇದೆ, ಅತ್ತೆಯ ಕಣ್ಣಿನಲ್ಲಿ ನಗು ಇದೆ. ಈ ಮಗುವಿನ ಕಣ್ಣಿನಲ್ಲಿ ನಗು ಇಲ್ಲ, ಒಳಗೆ ಬಂದಾಗಿನಿಂದ ಅದರ ಕಣ್ಣು ಎದುರಿನವರ ಬಾಯಿ ಬಿಟ್ಟು ಕದಲಿಲ್ಲ, ಯಾರು ಮಾತಾಡಿದರೆ ಅವರ ತುಟಿಗೆ ಅಂಟಿಕೊಳ್ಳುತ್ತದೆ, ಮಾತು ಮುಗಿದ ಮೇಲೆ ಒಂದು ಗಳಿಗೆ ತಡೆದು, ಆಂ? ಎನ್ನುತ್ತದೆ, ಆಮೇಲೆ ಅಂದಾಜಿಗೊಂದು ಉತ್ತರ ಕೊಡುತ್ತದೆ, ಏನು ತಿಂದು ಬಂದೆ ಪುಟ್ಟಾ ಎಂದರೆ ಬಸ್ಸಲ್ಲಿ ಬಂದೆ ಎನ್ನುತ್ತದೆ, ಎಂಟು ವರ್ಷದ ಮಗು ದಿನವಿಡೀ ಹೀಗೆ ಊಹೆ ಮಾಡುತ್ತ ಬದುಕಿದರೆ ಸಂಜೆಗೆ ತಲೆ ಸಿಡಿಯದೆ ಏನಾದೀತು.

ನೋಟ್‌ಬುಕ್ಕು, ಅದನ್ನೂ ತಂದಿದ್ದಳು ಆ ತಾಯಿ, ಓದು ಬರಹ ಹೆಚ್ಚು ಬಾರದ ಹೆಂಗಸು ಅದು ಹೇಗೆ ತಿಳಿದು ತಂದಳೋ, ಮುಕ್ಕಾಲು ಪಾಲು ಉತ್ತರ ಆ ನೋಟ್‌ಬುಕ್ಕಿನಲ್ಲೇ ಇತ್ತು. ಎಡಪುಟದಲ್ಲಿ ಬೋರ್ಡು ನೋಡಿ ಬರೆದದ್ದು, ಮುತ್ತಿನಂಥ ಅಕ್ಷರ, ಒಂದು ಕೊಂಬು ತಪ್ಪಿಲ್ಲ, ಬಲಪುಟದಲ್ಲಿ ಟೀಚರ್ ಹೇಳಿ ಬರೆಸಿದ್ದು, ಅದೇ ಮಗು, ಅದೇ ಪೆನ್ಸಿಲ್ಲು, ಕಲ್ಲು ಎಂದರೆ ಹಲ್ಲು, ಬಳೆ ಎಂದರೆ ಮಳೆ, ತೋಟ ಎಂದರೆ ಊಟ, ಕೆಂಪು ಶಾಯಿಯ ಗೀಟು, ಗೀಟು, ಗೀಟು, ಕೆಳಗೆ ಗಮನವಿಲ್ಲ ಎಂಬ ಷರಾ. ನೋಡಿ ಬರೆದರೆ ಸರಿ, ಕೇಳಿ ಬರೆದರೆ ತಪ್ಪು, ಅದನ್ನು ಅಕ್ಕಪಕ್ಕದ ಪುಟದಲ್ಲೇ ನೋಡಿಯೂ ಗಮನವಿಲ್ಲ ಎಂದು ಬರೆದವರ ಗಮನ ಎಲ್ಲಿತ್ತು — ಇರಲಿ, ಅವರನ್ನೇನು ಅನ್ನುವುದು, ಅವರ ಕೈಗೆ ಹಾಳೆ ಕೊಟ್ಟವಳು ನೀನು. ಕೊನೇ ಬೆಂಚಿನ ಹತ್ತಿರ ಏನೇನಿದೆ ಎಂದು ತಾಯಿಯನ್ನು ಕೇಳಿದಳು, ಫ್ಯಾನಿದೆ ಮೇಡಂ, ಕಿರ್ರ್ ಅನ್ನುತ್ತೆ, ಕಿಟಕಿ ಆಚೆ ರಸ್ತೆ. ಬೇರೆ ಏನಾದರೂ ಇದ್ದರೆ ಹೇಳಿ ಎಂದಾಗ ತಾಯಿ ಹೇಳಿದಳು, ಹೇಳಿದ ಮಾತಿಗೆ ಉಲ್ಟಾ ಮಾಡ್ತಾಳೆ ಮೇಡಂ, ಬರಬೇಡ ಅಂದರೆ ಬರ್ತಾಳೆ, ಓಡಬೇಡ ಅಂದರೆ ಓಡ್ತಾಳೆ, ಹೋದ ವರ್ಷ ಲಾಂಡ್ರಿಗೆ ಕರಕೊಂಡು ಹೋಗಿದ್ದೆ, ಇಸ್ತ್ರಿ ಪೆಟ್ಟಿಗೆ ಕಾದಿತ್ತು, ಅದನ್ನ ಮುಟ್ಟಬೇಡ ಅಂತ ಕೂಗಿ ಹೇಳಿದೆ, ನನ್ನ ಮುಖಾನೇ ನೋಡ್ತಾ ನೋಡ್ತಾ ಹೋಗಿ ಕೈ ಇಟ್ಟಳು, ನನ್ನ ಮುಖ ನೋಡ್ತಾ ಮೇಡಂ! ಸಿಟ್ಟು ಬಂತು, ಸುಟ್ಟ ಕೈಯಲ್ಲಿ ಅಳ್ತಾ ನಿಂತವಳಿಗೆ ಇನ್ನೆರಡು ಬಿಟ್ಟೆ. ಆಗಲೇ ಅವಳಿಗೆ ಹೊಳೆದದ್ದು. ನಮ್ಮ ಮಾತಿನಲ್ಲಿ ಬೇಡ ಬರುವುದು ಬಾಲದಲ್ಲಿ, ಮುಟ್ಟ ಎನ್ನುವುದು ಮೊದಲು, ಬೇಡ ಎನ್ನುವುದು ಆಮೇಲೆ, ಲಾಂಡ್ರಿಯಲ್ಲಿ ನಾಲ್ಕು ಮೆಷಿನ್ನು ಒಟ್ಟಿಗೆ ತಿರುಗುತ್ತಿವೆ, ಮಾತಿನ ಬಾಲ ಆ ಗದ್ದಲದಲ್ಲಿ ಮುಳುಗುತ್ತದೆ, ಮಗುವಿಗೆ ಸಿಕ್ಕಿದ್ದು ತಲೆ ಮಾತ್ರ, ಮುಟ್ಟು, ಅಮ್ಮ ಹೇಳಿದ್ದಾಳೆ ಮುಟ್ಟು ಅಂತ, ಅಮ್ಮ ಹೇಳಿದ ಮೇಲೆ ಅದು ಸುಡಲಾರದು, ಅಮ್ಮನ ಮುಖ ನೋಡುತ್ತ, ಅಮ್ಮ ಹೇಳಿದ ಹಾಗೆ — ಅವಿಧೇಯತೆ ಅಲ್ಲ ಅದು, ಅದಕ್ಕಿಂತ ದೊಡ್ಡ ವಿಧೇಯತೆ ಇನ್ನೊಂದಿಲ್ಲ.

ಸರಿ, ಈಗ ಕಣ್ಣೀರಿನ ಹೊತ್ತಲ್ಲ, ಕೆಲಸದ ಹೊತ್ತು, ಅನುಮಾನಕ್ಕೆ ಬೆಲೆ ಇಲ್ಲ, ಪರೀಕ್ಷೆಗೆ ಇದೆ. ಮೈಕಿನ ಗುಂಡಿ ಒತ್ತಿ, ಚುಕ್ಕಿ, ಈಗ ಪೀಂ ಇಲ್ಲ, ಅಂಕಿ ಬರುತ್ತೆ, ಈ ಕಿವೀಲಿ ಒಂದು, ಆ ಕಿವೀಲಿ ಒಂದು, ಎರಡೂ ಒಟ್ಟಿಗೇ, ಕೇಳಿದ್ದೆಲ್ಲ ಹೇಳಬೇಕು, ತಪ್ಪಾದರೂ ಪರವಾಗಿಲ್ಲ ಕಣೇ, ಇದರಲ್ಲಿ ಮಾರ್ಕ್ಸ್ ಇಲ್ಲ. ಮಗುವಿನ ಕಣ್ಣು ಗಾಜಿನಾಚೆಯಿಂದ ತುಟಿ ಹುಡುಕುತ್ತದೆ, ಅವಳು ಬೇಕೆಂದೇ ಫೈಲು ಎತ್ತಿ ಬಾಯಿ ಮುಚ್ಚಿಕೊಳ್ಳುತ್ತಾಳೆ, ಕ್ಷಮಿಸು ಮರೀ, ಇಂದು ನಿನ್ನ ಕಿವಿಯೊಂದೇ ಸಾಕ್ಷಿ ಹೇಳಬೇಕು. ಬಲಕ್ಕೆ ಏಳು, ಎಡಕ್ಕೆ ಮೂರು — ಏಳು, ಎನ್ನುತ್ತದೆ ಮಗು. ಬಲಕ್ಕೆ ಎರಡು, ಎಡಕ್ಕೆ ಒಂಬತ್ತು — ಎರಡು. ಬಲಕ್ಕೆ ಐದು, ಎಡಕ್ಕೆ ಆರು — ಐದು... ಐದು, ಮತ್ತೇನೋ ಒಂದು, ಹೋಯ್ತು. ಹೋಯ್ತು ಎನ್ನುತ್ತಾಳೆ ನೋಡು, ಕೈಯಿಂದ ಚೆಂಡು ಜಾರಿದ ಹಾಗೆ. ಇಪ್ಪತ್ತರಲ್ಲಿ ಬಲಗಿವಿ ಹದಿನೆಂಟು ಹಿಡಿಯಿತು, ಎಡಗಿವಿ ಐದು, ಈ ವಯಸ್ಸಿಗೆ ಇಷ್ಟು ಅಂತರ ಇರಬಾರದು, ಒಂದೊಂದೇ ಕೊಟ್ಟರೆ ಆ ಎಡಗಿವಿಯೇ ಇಪ್ಪತ್ತಕ್ಕೆ ಇಪ್ಪತ್ತು. ಆಮೇಲೆ ಪದಗಳು, ನಿಶ್ಶಬ್ದದಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು, ಅದೇ ಧ್ವನಿ, ಅದೇ ಜೋರು, ಹಿಂದೆ ಒಂದಿಷ್ಟು ಜನರ ಗುಜುಗುಜು ಸೇರಿಸಿದರೆ ಒಂಬತ್ತು. ಒಂಬತ್ತು! ಗಮನದ ತೊಂದರೆಯೇ ಇರಬಾರದೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳಲಿ, ಗಮನ ಓಡಾಡುವ ಮಗು ಪೀಂ ಕೇಳುವಾಗಲೂ ಓಡಾಡೀತು, ಚಿತ್ರ ಜೋಡಿಸುವಾಗಲೂ ಓಡಾಡೀತು, ಇವಳು ಮುಕ್ಕಾಲು ಗಂಟೆ ಕದಲದೆ ಕೂತಿದ್ದಾಳೆ, ಹೋದ ವಾರ ಇವಳನ್ನು ನೋಡಿ ಇಲ್ಲಿಗೆ ಕಳಿಸಿದ ಮಕ್ಕಳ ಮನಶ್ಶಾಸ್ತ್ರದವರು ಗಮನ, ಬುದ್ಧಿ, ನೆನಪು ಎಲ್ಲ ತೂಗಿ ನೋಡಿ ವಯಸ್ಸಿಗೆ ತಕ್ಕಷ್ಟಿದೆ ಎಂದು ಬರೆದಿದ್ದಾರೆ, ಮಾತಿನ ತರಬೇತಿಯವಳೂ ಮಾತಾಡಿಸಿ ನೋಡಿದ್ದಾಳೆ, ಮೂವರೂ ಮೂರು ಬಾಗಿಲಿನಿಂದ ಹೊಕ್ಕು ಒಂದೇ ಕೋಣೆಯಲ್ಲಿ ಭೇಟಿಯಾಗಿದ್ದೇವೆ. ಸದ್ದು ಕಿವಿಗೆ ಬರುತ್ತಿದೆ, ಮಿದುಳು ಅದನ್ನು ಬಿಡಿಸಿ ಜೋಡಿಸುವಲ್ಲಿ ತೊಡಕಿದೆ, ಇದಕ್ಕೆ ಹೆಸರಿದೆ, ಆಲಿಸುವಿಕೆಯ ಸಂಸ್ಕರಣೆಯ ತೊಂದರೆ, ಬಾಯ್ತುಂಬ ಹೆಸರು, ಜಾಣ ಕಿವುಡಿ ಎನ್ನುವುದಕ್ಕಿಂತ ಎಷ್ಟೋ ಪಾಲು ಮರ್ಯಾದೆಯ ಹೆಸರು.

ತಾಯಿಯನ್ನು ಒಳಗೆ ಕರೆದು ಕೂರಿಸಿ ಹೇಳಿದಳು, ನೋಡಿಯಮ್ಮ, ಟಪಾಲು ಮನೆ ಬಾಗಿಲಿಗೆ ಸರಿಯಾಗಿಯೇ ಬರ್ತಾ ಇದೆ, ಒಳಗೆ ಅದನ್ನ ಬಿಡಿಸಿ ಓದೋಕೆ ಮೊದಲೇ ಇನ್ನೊಂದು ಬರುತ್ತೆ, ಎಲ್ಲ ಕಲಸಿಹೋಗುತ್ತೆ, ಗದ್ದಲ ಇದ್ದಷ್ಟೂ ಜಾಸ್ತಿ, ಹಟ ಅಲ್ಲ, ದಡ್ಡತನ ಅಲ್ಲ, ನಿಮ್ಮ ಮಗಳು ಜಾಣೆ, ಇಷ್ಟು ದಿನ ಬರೀ ತುಟಿ ನೋಡಿ ಎರಡು ಕ್ಲಾಸು ಪಾಸಾಗಿದ್ದಾಳೆ. ತಾಯಿ ಹೇಳಿದಳು, ಹಾಗಾದ್ರೆ ಅವತ್ತು ನಾನು ಹೊಡೆದಿದ್ದು ಯಾಕೆ ಮೇಡಂ, ಅವಳನ್ನ ಕೇಳಿದಳೋ ತನ್ನನ್ನೇ ಕೇಳಿಕೊಂಡಳೋ, ಉತ್ತರ ಹೇಳಬಹುದಾಗಿತ್ತು, ನಿಮಗೆ ಗೊತ್ತಿರಲಿಲ್ಲ ಬಿಡಿ ಎನ್ನಬಹುದಾಗಿತ್ತು, ಹತ್ತೊಂಬತ್ತು ವರ್ಷದಿಂದ ತಾಯಂದಿರಿಗೆ ಹೇಳುತ್ತ ಬಂದ ಮಾತು, ಇವತ್ತು ಅದೊಂದೇ ಸಾಲದು ಎನಿಸಿತು, ನಿಮಗೆ ಗೊತ್ತಾಗದೆ ಇರೋದಕ್ಕೆ ನಾನೂ ಕಾರಣ, ಎಂದುಬಿಟ್ಟಳು, ಎರಡು ವರ್ಷದ ಹಿಂದೆ ಈ ಪರೀಕ್ಷೆಗೆ ಅವಳಿಗೆ ವಯಸ್ಸಾಗಿರಲಿಲ್ಲ ನಿಜ, ಏಳು ತುಂಬಬೇಕು, ಆದರೆ ಏಳು ತುಂಬಿದ ಮೇಲೆ ಇನ್ನೊಂದು ಸಲ ಕರಕೊಂಡು ಬನ್ನಿ ಅಂತ ಒಂದು ಸಾಲು ನಾನು ಬರೀಬೇಕಿತ್ತು, ಬರೀಲಿಲ್ಲ, ಹೊರಗೆ ಜನ ಕಾಯ್ತಾ ಇದ್ದರು, ನೀವು ಅವಳು ಆಂ ಆಂ ಅಂತಾಳೆ ಅಂದದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಾಯಿ ಸಿಟ್ಟಾಗುತ್ತಾಳೆ ಎಂದು ಅವಳು ಅಂದುಕೊಂಡಿದ್ದಳು, ಆ ಹೆಂಗಸು ಮೂಗು ಒರೆಸಿಕೊಂಡು, ಹಾಗಾದ್ರೆ ಈಗ ಬರೀರಿ ಮೇಡಂ, ಎಂದಳು, ಅಷ್ಟೇ, ಅರ್ಜಿಯ ಧ್ವನಿಯಲ್ಲಿ ಅಲ್ಲ, ಸರಿಯಾಗಿ ಒಗೆಯದ ಬಟ್ಟೆಯನ್ನು ಹಿಂದಕ್ಕೆ ಕೊಟ್ಟು ಇನ್ನೊಂದು ಸಲ ಹಾಕಿ ಎನ್ನುವ ಧ್ವನಿಯಲ್ಲಿ.

ಕಾರಿಡಾರಿನಲ್ಲಿ ದೊಡ್ಡ ಡಾಕ್ಟರು ಸಿಕ್ಕರು, ಕಿವಿ ಮೂಗು ಗಂಟಲಿನ ವಿಭಾಗಕ್ಕೇ ಹಿರಿಯರು, ಒಳ್ಳೆಯ ಮನುಷ್ಯ, ನಿಂತು ಎಲ್ಲ ಕೇಳಿಸಿಕೊಂಡರು, ಹೊಸ ವರದಿ ಕೊಡಿ, ಧಾರಾಳವಾಗಿ ಕೊಡಿ, ಹಳೇದರ ಸುದ್ದಿ ಯಾಕೆ ಎತ್ತುತ್ತೀರಿ, ನಮ್ಮ ಕಾಲ ಮೇಲೆ ನಾವೇ ಕಲ್ಲು ಎತ್ತಿಹಾಕಿಕೊಳ್ಳೋದಾ, ಹಳೆಯ ಪರೀಕ್ಷೆ ತಪ್ಪಲ್ಲವಲ್ಲ. ತಪ್ಪಲ್ಲ ಸರ್, ಅರ್ಧ, ಎಂದಳು ಅವಳು, ಆ ಅರ್ಧವನ್ನೇ ಪೂರ್ತಿ ಅಂತ ಹಿಡಕೊಂಡು ಒಂದು ಮಗೂನ ಕೆಳಗಿಳಿಸ್ತಾ ಇದ್ದಾರೆ, ಕಲ್ಲು ಯಾರ ಕಾಲ ಮೇಲಾದರೂ ಬೀಳಲೇಬೇಕು ಅಂದರೆ ನನ್ನ ಕಾಲು ದೊಡ್ಡದಿದೆ. ಅವರು ನಕ್ಕರು, ಚಪ್ಪಲಿ ನೋಡಿದರು, ಹೋಗಿ ಬರೀರಿ ಎಂದರು. ಧೈರ್ಯ ಎನ್ನುವುದು ಅಂಥ ದೊಡ್ಡ ವಸ್ತುವೇನಲ್ಲ, ಕೈಯಲ್ಲಿ ಅಂಕಿ ಇದ್ದರೆ ತಾನಾಗಿ ಬರುತ್ತದೆ, ಹದಿನೆಂಟು, ಐದು, ಒಂಬತ್ತು, ಅಷ್ಟನ್ನು ಹಿಡಿದು ಶಾಲೆಗೆ ಫೋನು ಹಚ್ಚಿದಳು, ದೊಡ್ಡ ಟೀಚರೇ ಎತ್ತಿದರು, ಹಿನ್ನೆಲೆಯಲ್ಲಿ ಮಕ್ಕಳ ಗೌಜು, ಯಾರೋ ಬೆಂಚು ಎಳೆಯುವ ಸದ್ದು, ಒಳಗೊಳಗೇ ಅವಳು ಆ ಗದ್ದಲವನ್ನು ಅಳೆದಳು, ಎಪ್ಪತ್ತು ಡೆಸಿಬೆಲ್‌ಗೆ ಕಡಿಮೆ ಇಲ್ಲ. ಅಲ್ಲ ಮೇಡಂ, ಎಂದರು ದೊಡ್ಡ ಟೀಚರ್, ನಿಮ್ಮದೇ ಒಂದು ಪೇಪರ್ ಸರಿ ಇದೆ ಅನ್ನುತ್ತೆ, ನಿಮ್ಮದೇ ಇನ್ನೊಂದು ಸರಿ ಇಲ್ಲ ಅನ್ನುತ್ತೆ, ನಾವು ಯಾವುದನ್ನ ನಂಬೋದು? ನ್ಯಾಯವಾದ ಪ್ರಶ್ನೆ, ಅವಳಿಗೆ ಆ ಹೆಂಗಸಿನ ಮೇಲೆ ಗೌರವ ಬಂತು, ಎರಡನ್ನೂ ನಂಬಿ, ಎಂದಳು, ಮೊದಲನೇದು ಸದ್ದಿನ ಪರೀಕ್ಷೆ, ಎರಡನೇದು ಮಾತಿನ ಪರೀಕ್ಷೆ, ಮೊದಲನೇದು ಕೊಟ್ಟಾಗ ಎರಡನೇದು ಇದೆ ಅಂತ ನಿಮಗೆ ಹೇಳದೆ ಇದ್ದದ್ದು ನನ್ನ ತಪ್ಪು, ಅದನ್ನ ಬರೆದೇ ಕೊಡ್ತೀನಿ. ತಪ್ಪು ಎಂಬ ಪದ ಆಸ್ಪತ್ರೆಯ ಕಡೆಯಿಂದ ಬಂದದ್ದು ಅವರಿಗೆ ಹೊಸತಿರಬೇಕು. ಏನ್ಮಾಡಬೇಕು ಹೇಳಿ ಮೇಡಂ, ಕ್ಲಾಸಲ್ಲಿ ಅವಳೊಬ್ಬಳೇ ಇರೋದಲ್ಲ. ಫ್ಯಾನಿನಿಂದ ದೂರ, ಮೊದಲನೇ ಬೆಂಚು, ಗೋಡೆ ಪಕ್ಕ, ಮಾತಾಡೋವಾಗ ಬೋರ್ಡಿಗಲ್ಲ ಮಕ್ಕಳ ಕಡೆ ಮುಖ, ಒಂದು ಸಲಕ್ಕೆ ಒಂದೇ ಸೂಚನೆ, ಏನು ಹೇಳಿದೆ ಅಂತ ಅವಳ ಬಾಯಲ್ಲೇ ಕೇಳಿ, ಮುಖ್ಯವಾದದ್ದು ಬರೆದು ತೋರಿಸಿ, ಟೀಚರ್ ಕೊರಳಿಗೆ ಹಾಕೋ ಸಣ್ಣ ಮೈಕು ನಮ್ಮಲ್ಲಿದೆ, ಅದರ ದನಿ ನೇರ ಅವಳ ಕಿವಿಗೆ ಹೋಗುತ್ತೆ, ಒಂದು ತಿಂಗಳಿಗೆ ಕೊಟ್ಟು ಕಳಿಸ್ತೀನಿ, ನಾವಿಲ್ಲಿ ವಾರಕ್ಕೆರಡು ದಿನ ಕಿವಿಗೆ ಅಭ್ಯಾಸ ಮಾಡಿಸ್ತೀವಿ — ಮತ್ತೆ ಆ ಹೆಸರು, ಅದು ನಿಲ್ಲಬೇಕು. ಯಾವ ಹೆಸರು, ಎಂದರು. ನಿಮಗೆ ಗೊತ್ತು, ಎಂದಳು. ಶನಿವಾರದ ಮೀಟಿಂಗು ಬೇಡ ಬಿಡಿ, ಎಂದರು ದೊಡ್ಡ ಟೀಚರ್ ಕೊನೆಗೆ, ಕ್ಲಾಸು ಇಳಿಸೋ ಮಾತು ಇಲ್ಲ, ನೀವೇ ಬನ್ನಿ ಶನಿವಾರ, ನಮ್ಮ ಟೀಚರುಗಳಿಗೆಲ್ಲ ಒಂದು ಸಲ ಹೇಳಿ, ಇನ್ನೂ ಇಬ್ಬರು ಮಕ್ಕಳ ಮೇಲೆ ನನಗೆ ಅನುಮಾನ... ಬರ್ತೀನಿ, ಎಂದಳು ಅವಳು, ಮಾತು ಮುಗಿಯುವ ಮೊದಲೇ.

ಕಾಯುವ ಹಜಾರದಲ್ಲಿ ಜನವೋ ಜನ, ಟೋಕನ್ ಕೂಗುವವನು, ಅಳುವ ಕೂಸು, ಲಿಫ್ಟಿನ ಗಂಟೆ, ಮೈಕನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ನರಕ ಬೇಕೆ, ಚುಕ್ಕಿಯನ್ನು ಅಲ್ಲೇ ನಟ್ಟನಡುವಿನ ಬೆಂಚಿನಲ್ಲಿ ಕೂರಿಸಿ ಮೈಕಿನ ದನಿ ಹಿಡಿಯುವ ಎರಡು ಪುಟ್ಟ ಗುಂಡುಗಳನ್ನು ಕಿವಿಗೆ ಇಟ್ಟಳು, ತಾಯಿಯ ಕೊರಳಿಗೆ ಮೈಕು ಹಾಕಿ ಹಜಾರದ ಆಚೆ ತುದಿಗೆ ಕಳಿಸಿದಳು, ಕಂಬದ ಹಿಂದೆ, ಮುಖ ಕಾಣಬಾರದು, ಏನು ಹೇಳ್ಲಿ ಮೇಡಂ ಎಂದು ಅಲ್ಲಿಂದ ಕೈಸನ್ನೆ, ಏನಾದರೂ ಹೇಳಿ, ಮನೇಲಿ ಹೇಳೋದನ್ನೇ. ಮೊದಲು ಮಗುವಿನ ಕಣ್ಣು ಬಾಯಿಗಾಗಿ ಹುಡುಕಿತು, ಈ ಬಾಯಿಯಿಂದ ಆ ಬಾಯಿಗೆ, ಟೋಕನ್ನಿನವನ ಬಾಯಿಗೆ, ಅಳುವ ಕೂಸಿನ ಬಾಯಿಗೆ, ಆಮೇಲೆ ತಟ್ಟನೆ ನಿಂತಿತು, ಭುಜ ಇಳಿಯಿತು, ಮತ್ತು ಚುಕ್ಕಿ ಕಣ್ಣು ಮುಚ್ಚಿದಳು. ಯಾರೂ ಹೇಳಿರಲಿಲ್ಲ ಮುಚ್ಚು ಅಂತ. ಮುಚ್ಚಿಕೊಂಡೇ ಕೇಳಿದಳು, ಜೋರಾಗಿ, ಹಜಾರವೆಲ್ಲ ತಿರುಗಿ ನೋಡುವ ಹಾಗೆ, ಯಾವ ಬಣ್ಣದ ನಾಯಿಮರಿ? ತಾಯಿ ಕಂಬದ ಹಿಂದಿನಿಂದ ಓಡಿಬಂದಳು, ಸಂಜೆ ಚಿಕ್ಕಮ್ಮ ಬರ್ತಾಳೆ, ನಾಯಿಮರಿ ತರ್ತಾಳೆ ಅಂತ ಹೇಳಿದೆ ಮೇಡಂ, ನಿನ್ನೇನೇ ಮೂರು ಸಲ ಹೇಳಿದ್ದೆ, ಮೂರು ಸಲ, ಎಂದು ನಗುತ್ತಾಳೋ ಅಳುತ್ತಾಳೋ, ಅವರಿಬ್ಬರೂ ಹೋದರು, ಬಸ್ಸು ಹಿಡಿಯಬೇಕು, ಅವಳು ಒಳಗೆ ಬಂದು ವರದಿಯ ಹಾಳೆ ಎಳೆದುಕೊಂಡಳು, ಎರಡು ವರ್ಷದ ಹಿಂದೆ ನಾನು ನೀಡಿದ ವರದಿ ಅಪೂರ್ಣವಾಗಿತ್ತು, ಮೊದಲ ಸಾಲೇ ಅದು, ಅಕ್ಷರ ದುಂಡಗೆ ಬಂತು, ಎರಡನೆಯ ಸಾಲು, ಈ ಮಗುವಿನ ಶ್ರವಣಶಕ್ತಿ ಸಾಮಾನ್ಯ, ಆದರೆ — ಆ ಕಣ್ಣು ಮುಚ್ಚಿದ ಮುಖ, ರೆಪ್ಪೆ ಒಂದಿಷ್ಟು ಅದುರುತ್ತಿತ್ತು — ಆದರೆ ಏಕಕಾಲಕ್ಕೆ ಬರುವ ಮಾತುಗಳನ್ನು ಬೇರ್ಪಡಿಸಿ ಅರ್ಥ ಮಾಡಿಕೊಳ್ಳುವಲ್ಲಿ, ಎಡಗಿವಿ ಇಪ್ಪತ್ತಕ್ಕೆ ಐದು, ಗದ್ದಲದಲ್ಲಿ ಇಪ್ಪತ್ತೈದಕ್ಕೆ ಒಂಬತ್ತು, ಹೊರಗೆ ಟೋಕನ್ನಿನವನು ಮುಂದಿನ ನಂಬರು ಕೂಗುತ್ತಿದ್ದಾನೆ, ಕೂಗಲಿ, ಬರೆಯುತ್ತೇನೆ, ಎಲ್ಲ ಬರೆದು ಮುಗಿಸಿಯೇ ಏಳುವುದು, ಶಿಫಾರಸುಗಳು, ಒಂದು, ಮೊದಲ ಬೆಂಚು, ಎರಡು — ಮುಚ್ಚಿದ ಕಣ್ಣು, ತೆರೆದ ಬಾಯಿ, ಎಂಟು ವರ್ಷ ಎಲ್ಲರ ತುಟಿಗಳನ್ನು ಕಾವಲು ಕಾದ ಎರಡು ಕಣ್ಣು — ಎರಡು, ಎಂದು ಬರೆದಿದ್ದಾಳೆ, ಮುಂದಿನ ಪದ ಗೊತ್ತಿದೆ, ಚೆನ್ನಾಗಿ ಗೊತ್ತಿದೆ, ಪೆನ್ನು ಹಾಳೆಗೆ ತಾಗಿದೆ, ತಾಗಿದ ಕಡೆ ಶಾಯಿ ಚುಕ್ಕೆಯಾಗಿ ಹರಡುತ್ತಿದೆ, ಅಷ್ಟು ಗದ್ದಲದ ನಡುವೆ, ಅಷ್ಟು ಜನರ ನಡುವೆ, ಮುಚ್ಚಿದ ಆ ಕಣ್ಣು.